ಗೇಲನ್ ಅಭಿಧಮನಿಯ ವಿರೂಪ

ಗೇಲನ್ ಅಭಿಧಮನಿಯ ವಿರೂಪ: ಮಿದುಳಿನ ಅಪಧಮನಿಗಳು ಲೋಮನಾಳಗಳ ಜಾಲವಿಲ್ಲದೆ, ಮಿದುಳಿನ ನಡುಭಾಗದ ಹಿಗ್ಗಿದ ಅಭಿಧಮನಿಯೊಂದಕ್ಕೆ ನೇರವಾಗಿ ರಕ್ತ ಹರಿಸುವ, ಹುಟ್ಟಿನಿಂದಲೇ ಬರುವ ಅಪರೂಪದ ರಕ್ತನಾಳ ದೋಷ. ಗರ್ಭದ 6ರಿಂದ 11ನೆಯ ವಾರದೊಳಗೆ ರೂಪುಗೊಳ್ಳುತ್ತದೆ. ಹಿಗ್ಗುವುದು ಸಹಜವಾಗಿ ಮರೆಯಾಗಬೇಕಿದ್ದ ಭ್ರೂಣನಾಳವೇ ಹೊರತು ಗೇಲನ್ ಅಭಿಧಮನಿಯಲ್ಲ. ಹಳೆಯ ಹೆಸರು ಮಾತ್ರ ಉಳಿದಿದೆ. ಕೆಲವರಲ್ಲಿ ಇಪಿಎಚ್‌ಬಿ4, ಆರ್‌ಎಎಸ್‌ಎ1 ಜೀನ್‌ಗಳ ವ್ಯತ್ಯಯ ಕಂಡಿದೆ.

ನವಜಾತರಲ್ಲಿ ಮುಖ್ಯ ಲಕ್ಷಣ ಹೃದಯ ವೈಫಲ್ಯ. ಹೀಗಾಗಿ ಹುಟ್ಟು ಹೃದ್ರೋಗವೆಂದು ಭಾವಿಸುವುದುಂಟು. ತುಸು ದೊಡ್ಡ ಕೂಸುಗಳಲ್ಲಿ ತಲೆ ಅತಿಯಾಗಿ ದೊಡ್ಡದಾಗುವುದು, ನೆತ್ತಿಯ ಅಭಿಧಮನಿಗಳ ಉಬ್ಬು, ಫಿಟ್ಸ್, ಬೆಳವಣಿಗೆಯ ಹಿನ್ನಡೆ ಕಾಣುತ್ತವೆ. ತಲೆಯ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಮರ್ಮರ ಕೇಳಿಸಬಹುದು; ಸುಲಭವಾದರೂ ಮರೆತುಹೋಗುವ ಪರೀಕ್ಷೆಯಿದು. ಗರ್ಭದ ಕೊನೆಯ ತಿಂಗಳುಗಳ ಡಾಪ್ಲರ್ ಸ್ಕ್ಯಾನ್, ಜನನಾನಂತರದ ಎಂಆರ್‌ಐ ಮತ್ತು ಆಂಜಿಯೋಗ್ರಾಮ್‌ಗಳಿಂದ ನಿದಾನ ಖಚಿತವಾಗುತ್ತದೆ.

ತಲೆಬುರುಡೆ ತೆರೆಯುವ ಶಸ್ತ್ರಕ್ರಿಯೆಯಲ್ಲಿ ಸಾವು ಹೆಚ್ಚಿದ್ದುದರಿಂದ, ಈಗ ತೊಡೆಯ ಅಪಧಮನಿಯಿಂದ ಕ್ಯಾತಿಟರ್ ತೂರಿಸಿ ವೈದ್ಯಕೀಯ ಅಂಟಿನಿಂದ ಅಡ್ಡಹರಿವನ್ನು ಹಂತಹಂತವಾಗಿ ಮುಚ್ಚುವ ಎಂಬೊಲೈಸೇಷನ್ ರೂಢಿಯಲ್ಲಿದೆ. ಚಿಕಿತ್ಸೆಯ ಸಮಯವನ್ನು ನವಜಾತರ ಸ್ಥಿತಿ ಅಳೆಯುವ 21 ಅಂಕಗಳ ಬಿಸೆತ್ರ್ ಮಾಪನ ಸೂಚಿಸುತ್ತದೆ: 8ರಿಂದ 12 ಅಂಕ ಬಂದರೆ ತುರ್ತು ಚಿಕಿತ್ಸೆ, ಅದಕ್ಕಿಂತ ಹೆಚ್ಚಿದ್ದರೆ ಔಷಧ ಕೊಡುತ್ತ ಸುಮಾರು 5 ತಿಂಗಳವರೆಗೆ ಕಾಯಬಹುದು. ತಲೆಯಲ್ಲಿ ತುಂಬುವ ನೀರು ಇಳಿಸಲು ಅವಸರದಲ್ಲಿ ಶಂಟ್ (ನಳಿಕೆ) ಹಾಕುವುದು ಅಪಾಯಕಾರಿ. 2023ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಗರ್ಭಸ್ಥ ಶಿಶುವಿಗೇ ಎಂಬೊಲೈಸೇಷನ್ ನಡೆಯಿತು.

ಕರ್ನಾಟಕದಲ್ಲಿ ಮಿದುಳಿನ ರಕ್ತನಾಳಗಳ ಇಂತಹ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗವಿದೆ.