ಸಮುದ್ರವೆಂಬ ಹೆಸರಿನ ಕೆರೆಗಳು, ಸವಳಾಗುತ್ತಿರುವ ನೀರು

ದಕ್ಷಿಣ ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯ ಹೆಸರನ್ನು ಬಸ್ಸಿನ ಫಲಕಗಳಲ್ಲಿ ದಿನವೂ ಸಾವಿರಾರು ಮಂದಿ ಓದುತ್ತಾರೆ. ಆ ಮೂರು ಅಕ್ಷರಗಳ ಹಿಂದೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿವೆ. ನಮ್ಮ ಊರಹೆಸರುಗಳಲ್ಲಿ ಬರುವ 'ಸಂದ್ರ' ಎಂಬುದು 'ಸಮುದ್ರ'ದ ರೂಪ. ಸಮುದ್ರವನ್ನು ಕಾಣದ ಈ ಬಯಲುಸೀಮೆಯ ಜನ ತಾವು ಕಟ್ಟಿದ ದೊಡ್ಡ ಕೆರೆಗೆ ಅಭಿಮಾನದಿಂದ ಸಮುದ್ರವೆಂದು ಹೆಸರಿಟ್ಟರು. ತಾವರೆಕೆರೆಯ ಹೆಸರಿನಲ್ಲೇ ಕೆರೆಯಿದೆ. ಮಡಿವಾಳದ ದೊಡ್ಡ ಕೆರೆ ಇಂದಿಗೂ ಕಣ್ಣಮುಂದಿದೆ. ಹೀಗೆ ಮೂರು ಅಕ್ಷರಗಳಲ್ಲಿ ಮೂರು ಕೆರೆಗಳ ನೆನಪು ಅಡಗಿದೆ.

ಹಿರಿಯರು ಸಮುದ್ರ ಎಂದದ್ದು ನೀರಿನ ವಿಸ್ತಾರವನ್ನು ಕಂಡು, ಉಪ್ಪನ್ನು ಕಂಡಲ್ಲ. ಅವರ ಕೆರೆಯ ನೀರು ಸಿಹಿಯಾಗಿತ್ತು. ಇಂದು ನಗರದ ಕೆರೆಗಳ ವಿಷಯ ಬಂದಾಗಲೆಲ್ಲ ನೊರೆ, ದುರ್ವಾಸನೆ, ಒತ್ತುವರಿಗಳ ಚರ್ಚೆಯಾಗುತ್ತದೆ. ಅದು ಆಗಬೇಕಾದದ್ದೇ. ಆದರೆ ಕಣ್ಣಿಗೆ ಕಾಣದೆ, ಮೂಗಿಗೆ ಬಡಿಯದೆ ನೀರಿನಲ್ಲಿ ಸೇರುತ್ತಿರುವ ಲವಣದ ಕುರಿತು ಮಾತನಾಡುವವರು ಕಡಿಮೆ. ಸಿಹಿನೀರು ಸವಳಾಗುವ ಈ ಬದಲಾವಣೆಗೆ ಒಂದು ಇತಿಹಾಸವಿದೆ.

ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯಲ್ಲಿ 1247ರ ಒಂದು ತಮಿಳು ಶಾಸನವಿದೆ. ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿ ದಾಖಲಾಗಿದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ಇಲ್ಲಿ ದೊಡ್ಡ ಕೆರೆಯಿತ್ತು ಎಂಬುದಕ್ಕೆ ಇದು ಸಾಕ್ಷಿ. ಇಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಭೂಮಿಯನ್ನು ಗುರುತಿಸಿದ್ದು 'ಕೆರೆಯ ಕೆಳಗಿನ'ದೆಂದು. ಅಂದರೆ ಕೆರೆ ನೀರನ್ನು ಹಿಡಿದಿಡುವ ಜಾಗ ಮಾತ್ರವಲ್ಲ, ನೀರನ್ನು ಮುಂದಕ್ಕೆ ಬಿಡುವ ಜಾಗವೂ ಆಗಿತ್ತು.

ಹಳೆಯ ಕೆರೆಗೆ ಮೂರು ಅಂಗಗಳು ಮುಖ್ಯ. ಮಳೆನೀರನ್ನು ತರುವ ಕಾಲುವೆ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ. ತೂಬು ಎತ್ತುವ, ಇಳಿಸುವ ಹೊಣೆ ನೀರಗಂಟಿಯದು. ಒಂದು ಕೆರೆ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗುತ್ತಿತ್ತು. ಮಡಿವಾಳದಿಂದ ಅಗರ, ಅಲ್ಲಿಂದ ಬೆಳ್ಳಂದೂರು, ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ. ಹೀಗೆ ಕೆರೆಗಳು ಒಂದರ ಕೈ ಇನ್ನೊಂದು ಹಿಡಿದು ನಿಂತಿದ್ದವು.

ಈ ವ್ಯವಸ್ಥೆ ಬೆಳೆಗೆ ನೀರು ಕೊಟ್ಟದ್ದು ಎಲ್ಲರಿಗೂ ಗೊತ್ತು. ಅದು ಉಪ್ಪನ್ನು ಹೊರಹಾಕುವ ಕೆಲಸವನ್ನೂ ಮಾಡುತ್ತಿತ್ತು. ಮಳೆನೀರು ಹೆಚ್ಚುಕಡಿಮೆ ಲವಣರಹಿತ. ಅದು ಕಲ್ಲು ಮಣ್ಣುಗಳ ಮೇಲೆ ಹರಿಯುವಾಗ ಅಲ್ಪ ಲವಣವನ್ನು ಕರಗಿಸಿಕೊಳ್ಳುತ್ತದೆ. ಬೇಸಿಗೆಯ ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಲವಣ ಹೋಗುವುದಿಲ್ಲ. ಲೀಟರಿಗೆ 600 ಮಿಲಿಗ್ರಾಂ ಲವಣವಿರುವ ನೀರು ಅರ್ಧ ಆವಿಯಾದರೆ ಉಳಿದ ನೀರಿನಲ್ಲಿ ಅದು 1200 ಮಿಲಿಗ್ರಾಂ ಆಗುತ್ತದೆ. ಆದರೆ ಮುಂದಿನ ಮುಂಗಾರಿನಲ್ಲಿ ಕೆರೆ ತುಂಬಿ ಕೋಡಿ ಹರಿದಾಗ, ತೂಬಿನಿಂದ ಗದ್ದೆಗೆ ನೀರು ಹೋದಾಗ ಆ ಲವಣವೂ ಹೊರಟುಹೋಗುತ್ತಿತ್ತು. ವರ್ಷಕ್ಕೊಮ್ಮೆ ಕೆರೆ ತನ್ನನ್ನು ತಾನೇ ತೊಳೆದುಕೊಳ್ಳುತ್ತಿತ್ತು.

ಈ ಚಕ್ರ ಒಮ್ಮೆಲೇ ಮುರಿಯಲಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯಲ್ಲಿ ನೀರು ಬಂದಾಗ ಊರಕೆರೆಯ ಮೇಲಿನ ಅವಲಂಬನೆ ಸಡಿಲವಾಯಿತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು, 1974ರಲ್ಲಿ ಕಾವೇರಿ ಬಂದಳು. ಇತ್ತ 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅದರ ಹಿಂದೆಯೇ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳು ಎದ್ದವು. ಕೆರೆಯ ಕೆಳಗಿನ ಗದ್ದೆಗಳು ನಿವೇಶನಗಳಾದವು. ಗದ್ದೆಯೇ ಇಲ್ಲದ ಮೇಲೆ ತೂಬು ಎತ್ತುವವರಾರು? ರಾಜಕಾಲುವೆಗಳಲ್ಲಿ ಮಳೆನೀರಿನ ಬದಲು ವರ್ಷವಿಡೀ ಒಳಚರಂಡಿ ನೀರು ಹರಿಯತೊಡಗಿತು. ಕೆಲವು ಕೆರೆಗಳಿಗೆ ಕಾಲುವೆಯೇ ಇಲ್ಲದಂತಾಯಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಉಳಿದ ಕೆರೆಗಳು ಉಳಿದವು ನಿಜ, ಆದರೆ ನಿಂತ ನೀರಾಗಿ ಉಳಿದವು.

ಇಲ್ಲಿ ನಮ್ಮ ಮನೆಗಳ ಪಾತ್ರವನ್ನು ನೋಡಬೇಕು. ಸ್ನಾನ, ಬಟ್ಟೆ, ಅಡುಗೆ, ಶೌಚಗಳಿಗೆ ಬಳಸಿದ ನೀರಿನಲ್ಲಿ ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಲವಣ ಹೊಸದಾಗಿ ಸೇರುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಮೆದುಗೊಳಿಸಲು ಅಪಾರ್ಟ್‌ಮೆಂಟ್‌ಗಳಲ್ಲಿ ಅಳವಡಿಸಿರುವ ಯಂತ್ರಗಳನ್ನು ಆಗಾಗ ಅಡುಗೆ ಉಪ್ಪಿನ ದ್ರಾವಣದಿಂದ ತೊಳೆಯಬೇಕಾಗುತ್ತದೆ. ಮೂಟೆಗಟ್ಟಲೆ ತಂದ ಆ ಉಪ್ಪು ಚರಂಡಿ ಸೇರುತ್ತದೆ. ಸಾಮಾನ್ಯ ಸಂಸ್ಕರಣಾ ಘಟಕಗಳು ಕೊಳೆಯನ್ನು ತೆಗೆಯುತ್ತವೆ, ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಹಾಗಾಗಿ ತಿಳಿಯಾಗಿ ಕಾಣುವ ಸಂಸ್ಕರಿಸಿದ ನೀರಿನಲ್ಲೂ ಲವಣ ಇದ್ದೇ ಇರುತ್ತದೆ. ಲೀಟರಿಗೆ 600 ಮಿಲಿಗ್ರಾಂ ಲವಣವಿರುವ ಒಂದು ಕೋಟಿ ಲೀಟರ್ ನೀರೆಂದರೆ 6 ಟನ್ ಉಪ್ಪು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಬೇರೆ ಮೂಲವಿಲ್ಲದಿದ್ದರೆ ಮಾತ್ರ 2000ದವರೆಗೆ ಸಹಿಸಬಹುದು.

ಹೀಗೆಂದ ಮಾತ್ರಕ್ಕೆ ಸಂಸ್ಕರಿಸಿದ ನೀರು ಬೇಡವೆಂದಲ್ಲ. ಜೆ.ಪಿ. ನಗರ 7ನೇ ಹಂತದ ಸುಮಾರು 13 ಎಕರೆಯ ಪುಟ್ಟೇನಹಳ್ಳಿ ಕೆರೆ ಒಣಗಿ ಹಾಳಾಗಿತ್ತು. 2010ರಲ್ಲಿ ನೆರೆಹೊರೆಯ ನಾಗರಿಕರು ಟ್ರಸ್ಟ್ ಕಟ್ಟಿಕೊಂಡು ಅದಕ್ಕೆ ಮರುಜೀವ ಕೊಟ್ಟರು. ಮಳೆನೀರು ಸಾಲದಾದಾಗ ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರೇ ಕೆರೆಗೆ ಆಸರೆಯಾಯಿತು. ಹಕ್ಕಿಗಳು ಮರಳಿದವು. 2024ರ ನೀರಿನ ಬವಣೆಯಲ್ಲಿ ಜಲಮಂಡಳಿಯೂ ಒಣಗಿದ ಕೆರೆಗಳಿಗೆ ಸಂಸ್ಕರಿಸಿದ ನೀರು ತುಂಬಿಸುವ ದಾರಿ ಹಿಡಿಯಿತು. ಬತ್ತಿದ ಕೆರೆಗಿಂತ ಇದು ಮೇಲು. ಆದರೆ ಒಳಬರುವ ದಾರಿಯಷ್ಟೇ ಇದ್ದು ಹೊರಹೋಗುವ ದಾರಿಯಿಲ್ಲದಿದ್ದರೆ ಕೆರೆ ನಿಧಾನವಾಗಿ ಉಪ್ಪಿನ ಬಾಣಲೆಯಾಗುತ್ತದೆ. ಜೊಂಡು, ಆಪು ಮುಂತಾದ ಜಲಸಸ್ಯಗಳು ಸಾರಜನಕ, ರಂಜಕಗಳನ್ನು ಹೀರುತ್ತವೆ. ಅಡುಗೆ ಉಪ್ಪನ್ನು ಅವು ಹೆಚ್ಚು ಹೀರಲಾರವು.

ಹಾಗಾದರೆ ಸವಳಾದ ನೀರನ್ನು ಮತ್ತೆ ಸಿಹಿಯಾಗಿಸಬಹುದೇ? ಮಧ್ಯ ಏಷ್ಯಾದ ಅರಲ್ ಸಮುದ್ರ ಇದಕ್ಕೆ ಉತ್ತರ ಕೊಟ್ಟಿದೆ. ಕಝಕ್, ಉಝ್ಬೆಕ್, ಕರಕಲ್ಪಾಕ್ ಜನರ ನಾಡಿನ ನಡುವಿದ್ದ ಇದು 1960ರಲ್ಲಿ ಸುಮಾರು 68,000 ಚದರ ಕಿಲೋಮೀಟರ್ ವಿಸ್ತಾರದ ಸರೋವರ. ಸೋವಿಯತ್ ಆಡಳಿತ ಹತ್ತಿಯ ಬೆಳೆಗಾಗಿ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ತಿರುಗಿಸಿತು. ಲೀಟರಿಗೆ ಸುಮಾರು 10 ಗ್ರಾಂ ಇದ್ದ ಲವಣ ದಕ್ಷಿಣ ಭಾಗದಲ್ಲಿ 100 ಗ್ರಾಂ ದಾಟಿತು. ಮೀನುಗಳು ಸತ್ತವು. ಬಂದರಾಗಿದ್ದ ಮೊಯ್ನಾಕ್‌ನಲ್ಲಿ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದವು. ಬತ್ತಿದ ತಳದಿಂದ ಎದ್ದ ಉಪ್ಪಿನ ಧೂಳು ಜನರ ಶ್ವಾಸಕೋಶ ಸೇರಿತು.

2005ರಲ್ಲಿ ಕಝಕಿಸ್ತಾನವು ವಿಶ್ವಬ್ಯಾಂಕಿನ ನೆರವಿನಿಂದ ಸುಮಾರು 13 ಕಿಲೋಮೀಟರ್ ಉದ್ದದ ಕೊಕ್-ಅರಲ್ ಕಟ್ಟೆಯನ್ನು ಕಟ್ಟಿ ಉತ್ತರದ ಭಾಗವನ್ನು ಪ್ರತ್ಯೇಕಿಸಿತು. ಸಿರ್ ದರಿಯಾದ ನೀರು ಅಲ್ಲಿ ತುಂಬಿತು. ಹೆಚ್ಚಾದ ನೀರನ್ನು ಕಟ್ಟೆಯ ಕೋಡಿಯ ಮೂಲಕ ದಕ್ಷಿಣಕ್ಕೆ ಬಿಡಲಾಯಿತು. ನೀರಿನ ಮಟ್ಟ ನಿರೀಕ್ಷೆಗಿಂತ ಬಹಳ ಬೇಗ ಏರಿತು, ಲವಣ ಇಳಿಯಿತು, ಸಿಹಿನೀರಿನ ಮೀನುಗಳು ಮರಳಿ ಬಂದವು, ಬೆಸ್ತರ ದೋಣಿಗಳು ನೀರಿಗಿಳಿದವು. ನಮ್ಮ ನೀರಗಂಟಿ ಬಲ್ಲ ಸೂತ್ರವೇ ಇದು. ಹೊಸ ನೀರು ಬರಬೇಕು, ಹಳೆಯ ನೀರು ಹೋಗಬೇಕು.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಉತ್ತರ ಉಳಿಯಿತು, ದಕ್ಷಿಣ ಉಳಿಯಲಿಲ್ಲ. ಉಪ್ಪಿಗೆ ಸಾವಿಲ್ಲ, ಅದು ಸ್ಥಳ ಬದಲಿಸುತ್ತದೆ ಅಷ್ಟೆ. ನಮ್ಮಲ್ಲಿಯೂ ಕೆಳಗಿನವರಿದ್ದಾರೆ. ಬಸವನಗುಡಿಯ ಮಗ್ಗುಲಲ್ಲಿ ಹುಟ್ಟುತ್ತದೆಂದು ನಂಬುವ ವೃಷಭಾವತಿ ನಗರದ ಕೊಳೆಯನ್ನು ಹೊತ್ತು ಬಿಡದಿ ಬಳಿಯ ಬೈರಮಂಗಲ ಜಲಾಶಯಕ್ಕೆ ಹೋಗುತ್ತದೆ. ಗದ್ದೆಗಳ ನೀರಾವರಿಗೆಂದು 1940ರ ದಶಕದಲ್ಲಿ ಕಟ್ಟಿದ ಜಲಾಶಯವದು. ಅಲ್ಲಿನ ಎಷ್ಟೋ ರೈತರು ಭತ್ತ ಬಿಟ್ಟು ಮೇವಿನ ಹುಲ್ಲಿಗೆ ಇಳಿಯಬೇಕಾಯಿತು. ಸೋಡಿಯಂ ಹೆಚ್ಚಾದ ನೀರು ಮಣ್ಣಿನ ಹುದವನ್ನೇ ಕೆಡಿಸಿ ಹೊಲವನ್ನು ಚೌಳು ಮಾಡಬಲ್ಲದು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಬರಗಾಲದ ಜಿಲ್ಲೆಗೆ ನೀರು ಸಿಕ್ಕಿತು. ಅದರೊಂದಿಗೆ ನಮ್ಮ ಮನೆಗಳ ಉಪ್ಪೂ ಹೋಗುತ್ತಿದೆ ಎಂಬುದನ್ನು ಮರೆಯಬಾರದು.

ಹರಿಯದೆ ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದರೆಂದು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳು ದಾಖಲಿಸಿವೆ. ಹರಿಯುವ ನೀರಿಗೂ ನಿಂತ ನೀರಿಗೂ ಇರುವ ವ್ಯತ್ಯಾಸವನ್ನು ಇಸ್ಲಾಮೀ ಕರ್ಮಶಾಸ್ತ್ರ ಬಹಳ ವಿವರವಾಗಿ ಚರ್ಚಿಸಿದೆ. ಮದೀನಾದ ಇಬ್ಬರು ತೋಟದ ಒಡೆಯರ ನಡುವಿನ ನೀರಿನ ತಕರಾರಿನಲ್ಲಿ ಪ್ರವಾದಿವರ್ಯರು(ಸ) ಮೇಲಿನವರು ತಮ್ಮ ಅಗತ್ಯ ಪೂರೈಸಿಕೊಂಡು ನೀರನ್ನು ಕೆಳಗಿನವರಿಗೆ ಬಿಡಬೇಕೆಂದು ತೀರ್ಪಿತ್ತರು. ಬೆಂಗಳೂರು ಎತ್ತರದಲ್ಲಿರುವ ಊರು. ನಾವೆಲ್ಲ ಮೇಲಿನವರು. ನಾವು ನೀರನ್ನು ಕೆಳಗಿನವರಿಗೆ ಬಿಡುತ್ತಿದ್ದೇವೆ. ಎಂಥ ನೀರನ್ನು ಬಿಡುತ್ತಿದ್ದೇವೆ ಎಂಬುದೇ ಪ್ರಶ್ನೆ.

ಆದ್ದರಿಂದ ಪರಿಹಾರ ಕೆರೆಯ ದಂಡೆಯಲ್ಲಿ ಮಾತ್ರವಿಲ್ಲ, ಮನೆಯಲ್ಲೂ ಇದೆ. ರಾಜಕಾಲುವೆಗಳಲ್ಲಿ ಮತ್ತೆ ಮಳೆನೀರು ಹರಿಯಬೇಕು. ಮುಂಗಾರಿನಲ್ಲಿ ಕೆರೆ ಒಮ್ಮೆಯಾದರೂ ಕೋಡಿ ಬೀಳಬೇಕು. ಕೆರೆಗೆ ಬಿಡುವ ನೀರಿನ ಕೊಳೆಯ ಜೊತೆ ಲವಣವನ್ನೂ ಅಳೆದು ಜನರಿಗೆ ತಿಳಿಸಬೇಕು. ಅಪಾರ್ಟ್‌ಮೆಂಟ್‌ನವರು ಸ್ನಾನ, ಅಡುಗೆಗೆ ಬೇಕಾದಷ್ಟೇ ನೀರನ್ನು ಮೆದುಗೊಳಿಸಿ, ಶೌಚಕ್ಕೂ ಗಿಡಕ್ಕೂ ಗಡಸು ನೀರನ್ನೇ ಬಳಸಿದರೆ ಉಪ್ಪಿನ ಮೂಟೆಗಳು ಕಡಿಮೆಯಾಗುತ್ತವೆ. ಮಸೀದಿ, ಮಂದಿರ, ಶಾಲೆಗಳ ತಾರಸಿಯ ಮಳೆನೀರು ನೆಲಕ್ಕಿಳಿದರೆ ಅಂತರ್ಜಲದ ಗಡಸುತನವೂ ತಗ್ಗುತ್ತದೆ. ವುಝೂ ಮಾಡಿದ ನೀರಿನಲ್ಲಿ ಸೇರುವ ಲವಣ ತೀರಾ ಕಡಿಮೆ. ಅದನ್ನು ಚರಂಡಿಗೆ ಬಿಡದೆ ಗಿಡಮರಗಳಿಗೆ ಹರಿಸುವುದು ಕಷ್ಟವೇನಲ್ಲ.

ಏಳುನೂರು ವರ್ಷಗಳ ಹಿಂದಿನ ಆ ಶಾಸನ ಕೆರೆಯ ಕೆಳಗಿನ ಭೂಮಿಯನ್ನು ನೆನಪಿಟ್ಟಿತ್ತು. ನಾವು ಕೆರೆಯ ಸುತ್ತ ನಡೆಯುವ ದಾರಿಯನ್ನು, ಬೇಲಿಯನ್ನು, ಕಲ್ಲುಬೆಂಚನ್ನು ನೆನಪಿಟ್ಟಿದ್ದೇವೆ. ಕೆಳಗಿನ ಭೂಮಿಯನ್ನೂ ಅಲ್ಲಿ ದುಡಿಯುವವರನ್ನೂ ಮರೆತಿದ್ದೇವೆ. ಅವರನ್ನು ನೆನೆದ ದಿನ ಕೆರೆಯ ನೀರು ಸಿಹಿಯಾಗುವ ಕೆಲಸ ಆರಂಭವಾದೀತು.