ಸೂಚಿಯಿಲ್ಲದ ಸಂಚಿಕೆಗಳು

ದಲಿತ ವಿಮರ್ಶೆಯ ಚರಿತ್ರೆ ಬರೆಯಹೊರಟವರು ಸಾಮಾನ್ಯವಾಗಿ ಪುಸ್ತಕಗಳಿಂದ ಶುರುಮಾಡುತ್ತಾರೆ. ಆದರೆ ಈ ವಿಮರ್ಶೆ ಮೊದಲು ಮಾತಾಡಿದ್ದು ಪತ್ರಿಕೆಗಳಲ್ಲಿ. 1973ರಲ್ಲಿ ಬಸವಲಿಂಗಪ್ಪನವರ ‘ಬೂಸಾ’ ಮಾತು ಎಬ್ಬಿಸಿದ ಗಲಾಟೆಯ ನಂತರದ ವಾಗ್ವಾದ ಬೆಳೆದದ್ದು ‘ಶೂದ್ರ’, ‘ಪಂಚಮ’ದಂಥ ಪತ್ರಿಕೆಗಳಲ್ಲಿ, ಕರಪತ್ರಗಳಲ್ಲಿ, ಸಭೆಗಳಲ್ಲಿ. ಅದರಲ್ಲಿ ಪುಸ್ತಕವಾದದ್ದು ಸ್ವಲ್ಪ. ಉಳಿದದ್ದನ್ನು ಹುಡುಕುವುದು ಹೇಗೆ?

ನಮ್ಮೂರು ಸಿಂಧನೂರು ತಾಲೂಕಿನ ಮುಕ್ಕುಂದ. ನಮ್ಮ ದೊಡ್ಡಪ್ಪನ ಟ್ರಂಕಿನಲ್ಲಿ ಹಳೆಯ ಸಂಚಿಕೆಗಳ ಒಂದು ಕಟ್ಟು ಇತ್ತು. ‘ಇದರಾಗ ನಮ್ಮ ಮಂದಿ ಬರದದ್ದು ಐತಿ, ಒಗೀಬ್ಯಾಡವ್ವಾ’ ಅಂತ ನನ್ನ ಕೈಗೆ ಕೊಟ್ಟರು. ಒಂದು ಸಂಚಿಕೆಗೆ ರಕ್ಷಾಪುಟವೇ ಇಲ್ಲ. ಒಳಗೆ ನವ್ಯ ಕಾವ್ಯದ ಮೇಲೆ ಕಟುವಾದ ಒಂದು ಲೇಖನ. ಕೊನೆಯ ಹಾಳೆ ಹರಿದು ಬರೆದವರ ಹೆಸರೂ ಹೋಗಿದೆ. ಅದು ಯಾವ ಪತ್ರಿಕೆ, ಯಾವ ವರ್ಷದ್ದು ಎಂದು ತಿಳಿಯಲು ದೊಡ್ಡ ಗ್ರಂಥಾಲಯವೊಂದಕ್ಕೆ ಹೋದೆ. ‘ಪತ್ರಿಕೆ ಹೆಸರು ಹೇಳ್ರಿ ಮೇಡಂ, ಲೇಖನದ ಹೆಸರಿಂದ ಸಿಗಂಗಿಲ್ಲ’ ಅಂದರು. ಹೆಸರು ಗೊತ್ತಿದ್ದರೆ ನಾನು ಯಾಕೆ ಬರ್ತಿದ್ದೆ!

ಅವರದು ತಪ್ಪಲ್ಲ. ಕ್ಯಾಟಲಾಗು ಪತ್ರಿಕೆಯನ್ನು ಒಂದು ವಸ್ತುವಾಗಿ ನೋಡುತ್ತದೆ: ಹೆಸರು, ಊರು, ಯಾವ ಸಂಪುಟದಿಂದ ಯಾವ ಸಂಪುಟ. ಅದರೊಳಗಿನ ಲೇಖನಗಳನ್ನು ತೋರಿಸುವುದು ಸೂಚಿಯ ಕೆಲಸ. ಇವೆರಡರ ನಡುವೆ ಒಂದು ಸಣ್ಣ ಸೇತುವೆ ಇದೆ. ಗಣಕ ಕ್ಯಾಟಲಾಗಿನ ‘ಮಾರ್ಕ್’ ಪದ್ಧತಿಯಲ್ಲಿ 510 ಎಂಬ ಅಂಕಿಯ ಕ್ಷೇತ್ರವೊಂದಿದೆ; ಈ ಪತ್ರಿಕೆಯ ಲೇಖನಗಳು ಇಂಥ ಸೂಚಿಯಲ್ಲಿ, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಸೇರಿವೆ ಎಂದು ಅಲ್ಲಿ ಬರೆಯಬಹುದು. ಪತ್ರಿಕೆಯೇ ತನ್ನ ಸಂಪುಟಗಳಿಗೆ ಒಟ್ಟು ಸೂಚಿ ಮಾಡಿದ್ದರೆ ಅದಕ್ಕೆ 555. ಒಮ್ಮೆ ಬರೆದರೆ ಮುಗಿಯಲಿಲ್ಲ. ಸೂಚಿ ನಡುವೆ ನಿಂತುಹೋಗುತ್ತದೆ, ಪತ್ರಿಕೆ ಹೆಸರು ಬದಲಿಸುತ್ತದೆ. ಅಂಬೇಡ್ಕರರ ‘ಜನತಾ’ 1930ರಲ್ಲಿ ಹುಟ್ಟಿ 1956ರಲ್ಲಿ ‘ಪ್ರಬುದ್ಧ ಭಾರತ’ವಾಯಿತು. ಒಂದರ ದಾಖಲೆಯಲ್ಲಿ ಇನ್ನೊಂದರ ಹೆಸರಿಲ್ಲದಿದ್ದರೆ ಓದುವವನಿಗೆ 1956ರಲ್ಲಿ ಒಂದು ಪತ್ರಿಕೆ ಸತ್ತಂತೆಯೂ, ಸಂಬಂಧವಿಲ್ಲದ ಮತ್ತೊಂದು ಹುಟ್ಟಿದಂತೆಯೂ ಕಾಣುತ್ತದೆ. ತಪ್ಪು ವರ್ಷ ಬರೆದ ಟಿಪ್ಪಣಿಯಂತೂ ಟಿಪ್ಪಣಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು; ಇಲ್ಲದ ಜಾಗದಲ್ಲಿ ಹುಡುಕಿಸಿ ಕಡೆಗೆ ‘ಏನೂ ಇಲ್ಲ’ ಎಂದು ನಂಬಿಸುತ್ತದೆ.

ಅಮೆರಿಕದಲ್ಲಿ ವಿಲಿಯಂ ಪೂಲ್ ಎಂಬಾತ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಪತ್ರಿಕಾ ಲೇಖನಗಳ ಸೂಚಿ ಮಾಡಿ 1848ರಲ್ಲಿ ಅಚ್ಚುಹಾಕಿಸಿದ. ನಮ್ಮಲ್ಲಿ ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದರು, 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂತು. ಪುಸ್ತಕ ಹಳ್ಳಿಯವರೆಗೆ ಬಂತು, ಒಪ್ಪೋಣ. ಆದರೆ ನಾಲ್ಕು ಸಂಚಿಕೆ ತಂದು ಸಾಲ ಮಾಡಿಕೊಂಡು ನಿಂತ ಪತ್ರಿಕೆಗೆ ಸೂಚಿ ಮಾಡುವವರು ಯಾರು? ಗ್ರಂಥಾಲಯಕ್ಕೆ ಅದು ‘ಬಿಡಿ ಸಂಚಿಕೆ’. ಕಟ್ಟು ಹಾಕಿಸುವುದಿಲ್ಲ, ಕಟ್ಟು ಹಾಕಿಸದ್ದು ದಾಖಲೆಗೆ ಬರುವುದಿಲ್ಲ. ಇದರಲ್ಲಿ ಯಾರ ದ್ವೇಷವೂ ಬೇಕಿಲ್ಲ; ಕಚೇರಿಯ ರೂಢಿಯೊಂದೇ ಸಾಕು, ಒಂದು ತಲೆಮಾರಿನ ಮಾತನ್ನು ಮುಚ್ಚಿಹಾಕಲು. ಆಮೇಲೆ ‘ದಲಿತರಲ್ಲಿ ವಿಮರ್ಶೆ ತಡವಾಗಿ ಬಂತು’ ಎಂಬ ಮಾತು ಪಠ್ಯಪುಸ್ತಕಕ್ಕೆ ಸೇರುತ್ತದೆ.

‘ಸೂಚಿ’ ಎಂದೊಡನೆ ನನ್ನಂಥ ಅಧ್ಯಾಪಕರಿಗೆ ಬೇರೊಂದು ನೆನಪಾಗುತ್ತದೆ. 2019ರಿಂದ ಯುಜಿಸಿಯ ‘ಕೇರ್’ ಪಟ್ಟಿಯಲ್ಲಿದ್ದ ಪತ್ರಿಕೆಗಾಗಿ ನಾವೆಲ್ಲ ಪರದಾಡಿದೆವು; 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟರು. ಅದು ಅಂಕ ಕೊಡುವ ಪಟ್ಟಿ, ಲೇಖನ ಹುಡುಕಿಕೊಡುವ ಸೂಚಿಯಲ್ಲ. ಎರಡನ್ನೂ ಒಂದೇ ಎಂದುಕೊಂಡದ್ದರಿಂದ ನಿಜವಾದ ಕೆಲಸ ಹಾಗೇ ಉಳಿಯಿತು.

ಮಹಾರಾಷ್ಟ್ರ ಸರ್ಕಾರ 1990ರಲ್ಲಿ ‘ಮೂಕನಾಯಕ’, ‘ಬಹಿಷ್ಕೃತ ಭಾರತ’ದ ಸಂಚಿಕೆಗಳನ್ನು ವಸಂತ ಮೂನ್ ಅವರ ಸಂಪಾದಕತ್ವದಲ್ಲಿ ಮತ್ತೆ ಅಚ್ಚುಹಾಕಿತು. ಅದು ಬಾಬಾಸಾಹೇಬರ ಬರಹ, ಹುಡುಕುವವರಿದ್ದರು, ಸಿಕ್ಕಿತು. ಹೆಸರಿಲ್ಲದವರ ಬರಹಕ್ಕೆ ಅಷ್ಟು ಪುಣ್ಯವಿಲ್ಲ.

ಈಗ ನಾನೂ ನನ್ನ ಇಬ್ಬರು ವಿದ್ಯಾರ್ಥಿಗಳೂ ದೊಡ್ಡಪ್ಪನ ಕಟ್ಟಿಗೆ ಚೀಟಿ ಬರೆಯುತ್ತಿದ್ದೇವೆ: ಲೇಖನ, ಲೇಖಕ, ಪತ್ರಿಕೆ, ಸಂಪುಟ, ಪುಟ, ಪ್ರತಿ ಯಾರ ಹತ್ತಿರ ಇದೆ. ನಮಗೆ ಕೊನೆಯದೇ ಮುಖ್ಯ. ರಕ್ಷಾಪುಟವಿಲ್ಲದ ಆ ಸಂಚಿಕೆಯ ಚೀಟಿಯಲ್ಲಿ ಪತ್ರಿಕೆಯ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಿಮ್ಮ ಮನೆಯ ಅಟ್ಟದ ಮೇಲೆ ಅದರ ಇನ್ನೊಂದು ಪ್ರತಿ ಇದ್ದರೆ ಸಂಪಾದಕರಿಗೆ ಒಂದು ಕಾರ್ಡು ಬರೆಯಿರಿ.