ರಾಗ ಮೊದಲೋ, ಹೆಸರು ಮೊದಲೋ: ಸಂಗೀತ ಪತ್ರಿಕೆಯ ಪರಿವಿಡಿ

ಸಂಗೀತ ಪತ್ರಿಕೆಯ ಪರಿವಿಡಿಯನ್ನು ಪುಟಸಂಖ್ಯೆ ಹುಡುಕುವುದಕ್ಕೆ ಮಾತ್ರ ಬಳಸಿ ಮುಂದೆ ಸಾಗುವವರೇ ಹೆಚ್ಚು. ಆದರೆ ಯಾರ ಹೆಸರು ದಪ್ಪಕ್ಷರದಲ್ಲಿದೆ, ಯಾರ ಭಾವಚಿತ್ರ ಪಕ್ಕದಲ್ಲಿ ಕುಳಿತಿದೆ, ಸಾಲಿನ ತಲೆಯಲ್ಲಿ ರಾಗವಿದೆಯೋ ಗಾಯಕನಿದ್ದಾನೋ ಎಂಬುದನ್ನು ಗಮನಿಸಿದರೆ, ಆ ಕಾಲದವರು ಸಂಗೀತವನ್ನು ಯಾರ ಸೊತ್ತೆಂದು ಬಗೆದಿದ್ದರು ಎಂಬುದು ತಿಳಿಯುತ್ತದೆ.

ಪತ್ರಿಕೆಗಳು ಹುಟ್ಟುವ ಎಷ್ಟೋ ಮೊದಲು ನಮ್ಮ ವಿಜಯಪುರದಲ್ಲಿಯೇ ಈ ಪ್ರಶ್ನೆಗೆ ಒಂದು ಉತ್ತರ ಸಿದ್ಧವಾಗಿತ್ತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ‘ಕಿತಾಬ್-ಎ-ನೌರಸ್’ ದಖನಿ ಭಾಷೆಯ ಗೀತಸಂಗ್ರಹ. ಅದರಲ್ಲಿ 59 ಗೀತಗಳೂ 17 ದೋಹೆಗಳೂ ಇವೆ. ಗೀತಗಳ ನೆತ್ತಿಯ ಮೇಲೆ ರಾಗದ ಹೆಸರಿದೆ; ರಾಗವೇ ಅಲ್ಲಿ ವಿಭಾಗ, ರಾಗವೇ ದಾರಿದೀಪ. ಕರ್ನಾಟ, ಅಂದರೆ ಇಂದಿನ ಕಾನಡಾ, ಅರಸನಿಗೆ ಅತ್ಯಂತ ಪ್ರಿಯ. ಕೆಲವು ಪದ್ಯಗಳು ರಾಗಗಳಿಗೆ ಮೈ, ಬಣ್ಣ, ಉಡುಗೆಗಳನ್ನು ಕೊಡುತ್ತವೆ. ಭೈರವ ಶಿವನ ರೂಪದಲ್ಲಿ ಬಂದು ನಿಲ್ಲುತ್ತಾನೆ. ರಾಗಮಾಲಾ ಚಿತ್ರಗಳನ್ನು ಕಂಡವರಿಗೆ ಈ ಬಗೆ ಪರಿಚಿತವೇ. ಆರು ರಾಗ, ಒಂದೊಂದಕ್ಕೆ ಐದು ರಾಗಿಣಿ, ಒಟ್ಟು ಮೂವತ್ತಾರು ಚಿತ್ರಗಳ ಸಂಪುಟವೆಂದರೆ ಕಣ್ಣಿಗೆ ಕಾಣಿಸುವ ಪರಿವಿಡಿಯಲ್ಲದೆ ಮತ್ತೇನು? ನೌರಸ್ ಗ್ರಂಥವನ್ನು ಚೆಲುವಾಗಿ ನಕಲು ಮಾಡಿದ ಖಲೀಲುಲ್ಲಾ ಎಂಬ ಲಿಪಿಕಾರನಿಗೆ ಅರಸನು ‘ಲೇಖನಿಯ ಬಾದಶಹ’ ಎಂಬ ಬಿರುದನ್ನಿತ್ತನು. ಅಕ್ಷರದ ಅಂದವನ್ನು ಸಂಗೀತದ ಹೊರಗಿನ ಸಂಗತಿಯೆಂದು ಆ ಆಸ್ಥಾನ ಭಾವಿಸಿರಲಿಲ್ಲ. ಗ್ರಂಥದೊಳಗೆ ಅರಸನ ತಂಬೂರಿ ಮೋತೀಖಾನನಿಗೂ ಆನೆ ಆತಶ್‌ಖಾನನಿಗೂ ಜಾಗ ಸಿಕ್ಕಿದೆ. (ಪಕ್ಕವಾದ್ಯಗಾರರ ಹೆಸರನ್ನೇ ಬಿಡುವ ನಮ್ಮ ಕಾಲದ ಸಂಪಾದಕರು ಇದನ್ನು ನೆನೆಯಬೇಕು.)

ಈ ಕ್ರಮವನ್ನು ತಲೆಕೆಳಗು ಮಾಡಿದ್ದು ಗ್ರಾಮಫೋನು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ, ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ಹಾಡು ಯಾರದೆಂದು ಅಲ್ಲಿಯವರಿಗೆ ತಿಳಿಯಲೆಂದು ಆಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ಕಾರ್ಖಾನೆಯ ಅನುಕೂಲಕ್ಕೆಂದು ಹುಟ್ಟಿದ ಆ ಘೋಷಣೆ ಕಲಾವಿದೆಯನ್ನು ರಾಗದ ಮುಂದೆ ತಂದು ನಿಲ್ಲಿಸಿತು. ಕಂಪನಿಯ ಪಟ್ಟಿಗಳಲ್ಲಿ ಹಾಡಿದವರ ಹೆಸರು ಮೆರೆಯಿತು. ಕಹಳೆಗೆ ಕಿವಿಗೊಟ್ಟ ನಾಯಿಯ ಚಿತ್ರ ಮನೆಮಾತಾಯಿತು. ಆ ಗೌಹರ್ ಜಾನ್ ಕೊನೆಗೆ ನಮ್ಮ ಮೈಸೂರಿಗೇ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು.

ಹೆಸರು ಮೆರೆಯುವ ಪಟ್ಟಿ ಹೆಸರನ್ನು ಮರೆಸಲೂ ಬಲ್ಲದು. 1930ರ ದಶಕದಲ್ಲಿ ಹೊರಬಂದ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿದೆ. ಪಟ್ಟಿಯನ್ನಷ್ಟೇ ನಂಬಿ ಇತಿಹಾಸ ಬರೆಯ ಹೊರಟವನಿಗೆ ಗಾಂಧಾರಿ ಒಬ್ಬಳು, ಗಂಗೂಬಾಯಿ ಮತ್ತೊಬ್ಬಳು!

ಪತ್ರಿಕೆಗಳು ಕಾಲಿಟ್ಟದ್ದು ಈ ಎರಡು ಕ್ರಮಗಳ ನಡುವೆ. 1935ರಲ್ಲಿ ಹಾಥರಸದಿಂದ ‘ಸಂಗೀತ’ ಹೊರಟಿತು. ಸ್ವಾತಂತ್ರ್ಯದ ವರ್ಷವಾದ 1947ರಲ್ಲಿ ಗಾಂಧರ್ವ ಮಹಾವಿದ್ಯಾಲಯ ಮಂಡಲದ ‘ಸಂಗೀತ ಕಲಾ ವಿಹಾರ’ ಪ್ರೊ. ಬಿ. ಆರ್. ದೇವಧರರ ಸಂಪಾದಕತ್ವದಲ್ಲಿ ಆರಂಭವಾಯಿತು. ಹಾಥರಸದ ವಿಶೇಷಾಂಕಗಳು ಥಾಟ್, ತಾಳ, ನೃತ್ಯ ಎಂಬ ಶಾಸ್ತ್ರದ ವಿಂಗಡಣೆಯನ್ನು ಹಿಡಿದವು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ದಿನಗಳಲ್ಲಿ ಒಂದು ಭಾವಚಿತ್ರಕ್ಕೂ ಪ್ರತ್ಯೇಕ ಬ್ಲಾಕು ಮಾಡಿಸಬೇಕು, ಅದಕ್ಕೆ ಹಣ ಬೇಕು. ಒಮ್ಮೆ ಮಾಡಿಸಿದ ಬ್ಲಾಕನ್ನು ಮತ್ತೆ ಮತ್ತೆ ಬಳಸುವುದೇ ಅಗ್ಗ. ವೀಣಾಪಾಣಿ ಸರಸ್ವತಿ, ತಂಬೂರಿ, ಕಮಲ ಇಂಥ ರೇಖಾಚಿತ್ರಗಳು ಅಂದಿನ ಮುದ್ರಣಕ್ಕೆ ಅಷ್ಟು ಒಗ್ಗಿದ್ದು ಭಕ್ತಿಯಿಂದ ಮಾತ್ರವಲ್ಲ, ಮಿತವ್ಯಯದಿಂದಲೂ ಎಂದು ನನ್ನ ಊಹೆ. ಆಫ್‌ಸೆಟ್ ಮುದ್ರಣ ಬಂದ ಮೇಲೆ ಮುಖಗಳು ಸುಲಭವಾದವು. ಮುಖವಿದ್ದ ಲೇಖನ ಮುಂದಕ್ಕೆ ಬಂತು, ಶ್ರುತಿಚರ್ಚೆ ಹಿಂದಿನ ಪುಟಕ್ಕೆ ಸರಿಯಿತು.

ನಾಗಪುರದ ಉತ್ತರಕ್ಕೆ, ವಿದ್ಯುತ್ ಸ್ಥಾವರದ ಚಿಮಣಿಗಳ ನೆರಳಿನ ಕೋರಾಡಿಯಲ್ಲಿ ಕುಳಿತು ಇಂಥ ಸಂಚಿಕೆಗಳನ್ನು ತೆರೆಯುವ ಕನ್ನಡಿಗನಿಗೆ ಇನ್ನೊಂದು ತೊಡಕು. ಮರಾಠಿಯ ಅನುಕ್ರಮಣಿಕೆಯಲ್ಲಿ ನಮ್ಮ ಊರುಗಳು ವೇಷ ಬದಲಿಸಿರುತ್ತವೆ. ಹಾನಗಲ್ಲು ‘ಹನಗಲ’ವಾಗುತ್ತದೆ, ಹಿಂದಿಯಲ್ಲಿ ಅದೇ ‘ಹಂಗಲ’. ಕುಂದಗೋಳದ ರಾಮಭಾವು ‘ಸವಾಯಿ ಗಂಧರ್ವ’ ಎಂಬ ಬಿರುದಿನೊಳಗೆ ಊರನ್ನೇ ಕಳೆದುಕೊಳ್ಳುತ್ತಾರೆ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಆ ಪುಟವನ್ನು ಓದಿದರೆ, ಇವರೆಲ್ಲ ಧಾರವಾಡದ ಮಣ್ಣಿನವರೆಂದು ಹೇಳಲು ಪಕ್ಕದಲ್ಲಿ ಯಾರಾದರೂ ಕುಳಿತಿರಲೇಬೇಕು. ಮೀರಜಿನಲ್ಲಿ ಸೋರೆ ಬುರುಡೆ ಕೊರೆದು ಆ ಗಾಯಕರಿಗೆಲ್ಲ ತಂಬೂರಿ ಮಾಡಿಕೊಟ್ಟ ಮನೆತನಗಳ ಹೆಸರನ್ನಂತೂ ಪರಿವಿಡಿಗಳಲ್ಲಿ ಬೆರಳಿಟ್ಟು ಹುಡುಕಬೇಕು. ಅವರ ಕೈಯ ವಾದ್ಯ ಮಾತ್ರ ಅಲಂಕಾರದ ರೇಖಾಚಿತ್ರವಾಗಿ ಪುಟದ ಮೂಲೆಯಲ್ಲಿ ನಿಂತಿರುತ್ತದೆ.